ಮಾಳಿಗೆ ಬಾಗಿಲ ಚಿಲಕ

ಅಬಿಡ್ಸ್‌ನ ಅಂಚೆ ಕಚೇರಿಯಿಂದ ಎರಡು ಓಣಿ ಒಳಗೆ ಹೋದರೆ ಸಿಗುವ ಆ ಐದು ಮಹಡಿಯ ಕಟ್ಟಡದಲ್ಲಿ ಯಾವ ಬಾಗಿಲಿಗೆ ಯಾವ ಕೀಲಿ ಎಂಬುದು ಸುಭದ್ರಾಳೊಬ್ಬಳಿಗೇ ಗೊತ್ತಿತ್ತು. ಕೆಳಗೆ ಸೀರೆ ಅಂಗಡಿಗಳು, ಅವುಗಳ ಮೇಲೆ ಆಡಿಟರುಗಳ ಆಫೀಸು, ಟ್ರಾವೆಲ್ಸಿನವರು, ಎಲ್ಲಕ್ಕಿಂತ ಮೇಲೆ ಒಂದು ಕಣ್ಣಿನ ಆಸ್ಪತ್ರೆ. ಮಾಲೀಕರೆಲ್ಲ ಕೂಡಿ ಕಟ್ಟಿಕೊಂಡ ಸಂಘಕ್ಕೆ ಅವಳು ಮ್ಯಾನೇಜರ್. ನೀರು ನಿಂತರೂ ಅವಳನ್ನೇ ಕೂಗುವುದು, ಲಿಫ್ಟು ನಿಂತರೂ ಅವಳನ್ನೇ. ಐವತ್ತರ ಹತ್ತಿರ ಬಂದ ಹೆಂಗಸು. ದನಿ ದೊಡ್ಡದು, ನಡಿಗೆ ಬಿರುಸು. ಸಂಘದ ಸೆಕ್ರೆಟರಿಯಾಗಿದ್ದ ಸೀರೆ ಅಂಗಡಿಯ ಸೇಠರೂ ಅವಳೆದುರು ಮೆತ್ತಗೆ ಮಾತಾಡುತ್ತಿದ್ದರು. ಈ ಹೆಂಗಸಿಗೆ ಹೆದರಿಕೆ ಎಂಬುದಿದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಅವಳೂ ಅಂದುಕೊಂಡಿರಲಿಲ್ಲ.

ತೆಲುಗು ರಾಜ್ಯ ಒಡೆದು ಎರಡಾಗುತ್ತದೋ ಇಲ್ಲವೋ ಎಂದು ಊರೆಲ್ಲ ವಾದ ಮಾಡುತ್ತಿದ್ದ ಬೇಸಿಗೆ ಅದು. ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಜನರೇಟರಿಗೆ ಡೀಸೆಲ್ ಸುರಿದು ಸುರಿದು ಬೇಸತ್ತ ಸಂಘದವರು ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸುವುದೆಂದು ತೀರ್ಮಾನಿಸಿದರು. ಕೆಲಸ ಹಿಡಿದ ಕಂಪನಿ ಮೂವರನ್ನು ಕಳಿಸಿತು. ಮೇಸ್ತ್ರಿ ಗುರುಸಿದ್ದಪ್ಪ, ಅವನ ಕೈಕೆಳಗೆ ಹನುಮಂತ ಮತ್ತು ಯಾದಗಿರಿ ಎಂಬ ಇಬ್ಬರು.

ಗುರುಸಿದ್ದಪ್ಪ ಬಂದ ದಿನ ಅವಳ ಟೇಬಲ್ಲಿನ ಮುಂದೆ ನಿಂತು ಹಿಂದಿಯಲ್ಲಿ ಮಾಳಿಗೆಯ ಕೀಲಿ ಕೇಳಿದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು.

"ಉಣ್ತೀನಿ ಮಾರಾಯ್ತಿ, ಮೊದ್ಲ ಮಾಳಿಗಿ ನೋಡಿ ಬರ್ತೀನಿ," ಎಂದು ಫೋನಿನಲ್ಲಿ ಹೇಳಿ ಇಟ್ಟ.

ಸುಭದ್ರಾ ಕನ್ನಡಕ ತೆಗೆದು ಅವನನ್ನು ನೋಡಿದಳು. "ಯಾವೂರ್ರಿ ನಿಮ್ದು?"

ಅವನ ಮುಖ ಅರಳಿತು. "ಮಾನ್ವಿ ಹತ್ರ ಹಳ್ಳಿರಿ. ಈಗ ಕೂಕಟ್‌ಪಲ್ಲಿಯೊಳಗ ಅದೀವಿ. ನೀವು ನಮ್ಮ ಕಡ್ಯಾರೇನ್ರಿ?"

"ನಮ್ಮಪ್ಪ ರಾಯಚೂರಿಂದ ನೌಕರಿಗೆ ಅಂತ ಬಂದವರು. ನಾ ಹುಟ್ಟಿದ್ದು, ಬೆಳದದ್ದು, ಎಲ್ಲಾ ಇಲ್ಲೇ ಕಾಚಿಗೂಡದಾಗ. ಮನಿಯೊಳಗ ಮಾತ್ರ ಕನ್ನಡನೇ ಅದ."

ಅಂದಿನಿಂದ ಅವಳು ಅವನಿಗೆ ಅಮ್ಮನವರು ಎಂಬರ್ಥದ 'ಬಾಯಾರು' ಆದಳು. ಮಧ್ಯಾಹ್ನ ಅವನ ಡಬ್ಬಿಯಿಂದ ಒಂದು ಜೋಳದ ರೊಟ್ಟಿ, ಪುಂಡಿಪಲ್ಯ ಅವಳ ಟೇಬಲ್ಲಿಗೆ ಬರುತ್ತಿತ್ತು. ಅವಳ ಡಬ್ಬಿಯಿಂದ ಚಟ್ನಿಪುಡಿ, ಮೊಸರು ಅವನ ಕಡೆಗೆ ಹೋಗುತ್ತಿತ್ತು. ಅವನ ಹೆಂಡತಿ ಬಸಲಿಂಗಮ್ಮ ಈ ವಿಷಯ ತಿಳಿದು ದಿನಾ ಒಂದು ರೊಟ್ಟಿ ಹೆಚ್ಚಿಗೆ ಬಡಿದು ಕಟ್ಟುತ್ತಿದ್ದಳು.

ಮಾಳಿಗೆ ನೋಡಲು ಹೋದ ಮೊದಲ ದಿನವೇ ಗುರುಸಿದ್ದಪ್ಪ ನೀರಿನ ಟಾಕಿಯ ಹತ್ತಿರ ನಿಂತುಬಿಟ್ಟಿದ್ದ. ಟಾಕಿಯ ಅಡಿಗೆ, ಕಾಂಕ್ರೀಟಿನ ಹಲಗೆಗೆ ಅಂಟಿಕೊಂಡು, ಮೊರದಷ್ಟು ಅಗಲದ ಹೆಜ್ಜೇನಿನ ಹುಟ್ಟು ತೂಗುತ್ತಿತ್ತು. ಬಿಸಿಲು ಬಿದ್ದಾಗ ಅದರ ಮೈಮೇಲೆ ಗಾಳಿ ಹಾದ ಹಾಗೆ ಒಂದು ಅಲೆ ಹರಿದು ಹೋಗುತ್ತಿತ್ತು.

"ಬಾಯಾರ, ಇದನ್ನ ತಗಸಬೇಕ್ರಿ. ಇದರ ಬಾಜೂಕ ಡ್ರಿಲ್ ಹಚ್ಚಿದ್ರ ಇವು ಸುಮ್ನಿರಂಗಿಲ್ಲ," ಎಂದಿದ್ದ.

ಸೇಠರು ಬೆಂಕಿ ಹಚ್ಚಿ ಓಡಿಸಲು ಒಪ್ಪಲಿಲ್ಲ. ಅಷ್ಟೊಂದು ಜೀವ ಸುಡುವುದು ಪಾಪ ಎಂದರು. ಕೊಲ್ಲದೆ ಬಿಡಿಸಿಕೊಂಡು ಹೋಗುವವರು ಸಿಕ್ಕರು, ಆದರೆ ಅವರು ಬರುವುದು ಮುಂದಿನ ವಾರ. ಅಲ್ಲಿಯವರೆಗೆ ಟಾಕಿಯಿಂದ ದೂರದ ಬದಿಯಲ್ಲಿ ಕೆಲಸ ಮಾಡುವುದೆಂದು ಎಲ್ಲರೂ ಕೂಡಿ ಮಾತಾಡಿಕೊಂಡರು. ಯಾರ ತಪ್ಪು ಎಂದು ಆಮೇಲೆ ಹುಡುಕಿದಾಗ ಎಲ್ಲರೂ ಒಪ್ಪಿದ ಮಾತೇ ಸಿಕ್ಕಿತು.

ಕೆಲಸ ಚೆನ್ನಾಗಿಯೇ ನಡೆದಿತ್ತು. ಕಬ್ಬಿಣದ ಕಾಲುಗಳು ಸಾಲಾಗಿ ನಿಂತವು, ಕಾಲುಗಳ ಮೇಲೆ ದಕ್ಷಿಣಕ್ಕೆ ಮುಖ ಮಾಡಿದ ಪ್ಯಾನೆಲ್‌ಗಳು ಒಂದೊಂದಾಗಿ ಕುಳಿತವು. ಒಂದು ಬೆಳಿಗ್ಗೆ ಕಣ್ಣಿನ ಆಸ್ಪತ್ರೆಯಿಂದ ಡ್ರಿಲ್ಲಿನ ಸದ್ದಿಗೆ ತಕರಾರು ಬಂತು. ಸ್ವಲ್ಪ ಹೊತ್ತು ನಿಲ್ಲಿಸಲು ಹೇಳೋಣವೆಂದು ಸುಭದ್ರಾ ಮೇಲೆ ಹೋದಳು. ಮೆಟ್ಟಿಲು ಮುಗಿಯುವಲ್ಲಿ ಒಂದು ಸಣ್ಣ ಕೋಣೆ, ಅದಕ್ಕೆ ಹೊರಗೆ ತೆರೆದುಕೊಳ್ಳುವ ಕಬ್ಬಿಣದ ಬಾಗಿಲು. ಬಾಗಿಲಿನಾಚೆ ಮಾಳಿಗೆ.

ಅವಳು ಹೊಸ್ತಿಲಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದಳು. ಹನುಮಂತ ಮತ್ತು ಯಾದಗಿರಿ ಒಂದು ಪ್ಯಾನೆಲ್ಲನ್ನು ರಟ್ಟಿನ ಡಬ್ಬದಿಂದ ಎತ್ತಿ ಹಿಡಿದಿದ್ದರು. ಅದರ ಗಾಜು ಬಿಸಿಲಿಗೆ ಝಳಪಿಸುತ್ತಿತ್ತು. ಗುರುಸಿದ್ದಪ್ಪ ಮೊಣಕಾಲೂರಿ ನಟ್ಟು ಬಿಗಿಯುತ್ತಿದ್ದ.

"ಗುರುಸಿದ್ದಪ್ಪನವರ!" ಎಂದು ಕೂಗಿದಳು. ಅವನು ತಿರುಗದೆ, ಒಂದು ನಿಮಿಷ ಎಂಬಂತೆ ಕೈ ಎತ್ತಿದ.

ಆಗ ಆ ಸದ್ದು ಬಂತು. ಕರೆಂಟು ಹೋಯಿತು, ಜನರೇಟರ್ ಶುರುವಾಯಿತು ಎಂದೇ ಅವಳು ಅಂದುಕೊಂಡಳು. ಮರುಕ್ಷಣ ಹೊಳೆಯಿತು. ಜನರೇಟರ್ ಇರುವುದು ಕೆಳಗೆ. ಸದ್ದು ಬರುತ್ತಿರುವುದು ತಲೆಯ ಮೇಲಿನಿಂದ.

ಟಾಕಿಯ ಅಡಿಯಿಂದ ಕರಿಯದೇನೋ ಕಳಚಿ ಬಿತ್ತು. ಬಿದ್ದದ್ದು ನೆಲ ಮುಟ್ಟಲಿಲ್ಲ, ಗಾಳಿಯಲ್ಲೇ ಬಿಚ್ಚಿಕೊಂಡಿತು. ಡ್ರಿಲ್ಲಿನ ನಡುಕ ಕಂಬದ ಮೂಲಕ ಹೋಯಿತು ಎಂದು ಆಮೇಲೆ ಒಬ್ಬರು ಹೇಳಿದರು, ಗಾಜಿನ ಬೆಳಕು ಹುಟ್ಟಿನ ಮೇಲೆ ಬಿತ್ತು ಎಂದು ಇನ್ನೊಬ್ಬರು, ಹದ್ದು ಬಂದು ಕುಕ್ಕಿತು ಎಂದು ಮತ್ತೊಬ್ಬರು. ಸುಭದ್ರಾ ಕಂಡದ್ದು ಇಷ್ಟೇ: ಬಿಸಿಲು ಇದ್ದಕ್ಕಿದ್ದಂತೆ ಮಾಸಿತು, ಯಾದಗಿರಿ ಪ್ಯಾನೆಲ್ ಕೈಬಿಟ್ಟು ಮುಖ ಬಡಿದುಕೊಳ್ಳತೊಡಗಿದ, ಗಾಜು ಒಡೆದ ಸದ್ದಾಯಿತು, ಗುರುಸಿದ್ದಪ್ಪ ಎದ್ದು ನಿಂತು ಅವಳ ಕಡೆ ತಿರುಗಿ, "ಬಾಯಾರ, ಒಳಗ ಹೋಗ್ರಿ! ಒಳಗ!" ಎಂದು ಕಿರುಚಿದ.

ಅವಳ ಕಣ್ಣರೆಪ್ಪೆಗೆ ಕಾದ ಸೂಜಿ ಚುಚ್ಚಿದಂತಾಯಿತು. ಕೂದಲೊಳಗೆ ಏನೋ ಗುಂಯ್‌ಗುಡುತ್ತ ಸಿಕ್ಕಿಕೊಂಡಿತು. ಅವಳು ಹಿಂದಕ್ಕೆ ಹಾರಿದಳು, ಬಾಗಿಲನ್ನು ಎಳೆದಳು, ಚಿಲಕ ಸರಿಸಿದಳು.

ತಲೆಯಲ್ಲಿ ಒಂದು ಯೋಚನೆ ಬರಲಿಲ್ಲ. ಕೈಯೇ ಎಲ್ಲ ಮಾಡಿಮುಗಿಸಿತ್ತು. ಬಾಗಿಲಿನಾಚೆ ಬೂಟುಗಳು ಓಡಿ ಬಂದವು.

"ಬಾಯಾರ! ಬಾಗಲಾ ತಗೀರಿ! ಬಾಯಾರ!"

ಬಾಗಿಲು ಅದುರಿತು. ಮುಷ್ಟಿಯಿಂದ ಗುದ್ದುತ್ತಿದ್ದವನು ಗುರುಸಿದ್ದಪ್ಪ. ಅವನ ಹಿಂದೆ ದೂರದಲ್ಲಿ ಯಾದಗಿರಿ ತೆಲುಗಿನಲ್ಲಿ ಅಮ್ಮನನ್ನು ಕರೆಯುತ್ತಿದ್ದ, ಅವಳನ್ನೋ ತನ್ನ ತಾಯಿಯನ್ನೋ ತಿಳಿಯಲಿಲ್ಲ. ಸುಭದ್ರಾ ಚಿಲಕದ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳು. ತೆಗೆಯಬೇಕೆಂದು ಗೊತ್ತಿತ್ತು. ತೆಗೆಯುತ್ತೇನೆ, ತೆಗೆಯುತ್ತೇನೆ ಎಂದು ಬಾಯೊಳಗೇ ಅನ್ನುತ್ತಿದ್ದಳು. ಆದರೆ ಆ ಸದ್ದು ಬಾಗಿಲಿನ ಸಂದಿಯಿಂದ, ಮೇಲಿನ ಗಾಳಿಗಂಡಿಯಿಂದ ಒಳಗೆ ಇಳಿಯುತ್ತಿತ್ತು, ಮತ್ತು ಅವಳ ಬೆರಳುಗಳು ಚಿಲಕವನ್ನು ಸರಿಸುವ ಬದಲು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದಿದ್ದವು. ಅವನು ಗುದ್ದಿದಂತೆಲ್ಲ ಅವಳು ಹಿಂದಕ್ಕೆ ವಾಲಿ ಬಾಗಿಲನ್ನು ಎಳೆದು ಹಿಡಿದಳು. ಹೊರಗಿರುವವನು ತನ್ನೊಡನೆ ರೊಟ್ಟಿ ತಿನ್ನುವ ಮನುಷ್ಯ ಎಂಬ ನೆನಪೇ ಆಗ ಅವಳಿಗೆ ಇರಲಿಲ್ಲ.

"ತಗೀರಿ ನಮ್ಮವ್ವಾ," ಎಂದ ಗುರುಸಿದ್ದಪ್ಪ. ಈ ಸಲ ಕೂಗಲಿಲ್ಲ. ಬಾಗಿಲಿಗೆ ಬಾಯಿ ಹಚ್ಚಿ ಹೇಳಿದಂತಿತ್ತು.

ಆಮೇಲೆ ಗುದ್ದುವುದು ನಿಂತಿತು.

ಗುದ್ದುವ ಸದ್ದಿಗಿಂತ ಅದು ನಿಂತದ್ದು ಅವಳನ್ನು ಹೆಚ್ಚು ಹೆದರಿಸಿತು. ಅಷ್ಟು ಹೊತ್ತು ಕೆಲಸ ಮಾಡದೆ ನಿಂತಿದ್ದ ತಲೆ ಆಗ ಒಮ್ಮೆಲೇ ಕೆಲಸ ಮಾಡಿತು. ಸತ್ತ, ಎಂದುಕೊಂಡಳು. ನಾನು ಕೊಂದೆ, ಎಂದುಕೊಂಡಳು. ಚಿಲಕ ಸರಿಸಿ ಬಾಗಿಲು ನೂಕಿದಳು.

ಬಾಗಿಲು ತೆರೆಯಲಿಲ್ಲ.

ಮತ್ತೆ ನೂಕಿದಳು. ಒಂದು ಗೇಣು ಸರಿಯಿತು, ಆಚೆಯಿಂದ ಏನೋ ಭಾರವಾದದ್ದು ಮೆತ್ತಗೆ ಹಿಂದಕ್ಕೆ ಒತ್ತಿತು. ಸಂದಿಯಲ್ಲಿ ಅವನ ಕೈ ಕಂಡಿತು. ಅಂಗೈ ಮೇಲಾಗಿ ಬಿದ್ದಿತ್ತು, ಅದರ ತುಂಬ ಹುಳ. ಅವನು ಬಾಗಿಲಿಗೇ ಒರಗಿ ಕುಸಿದಿದ್ದ.

"ಸರೀರಿ! ಗುರುಸಿದ್ದಪ್ಪನವರ, ಸರೀರಿ ಈ ಕಡೆ!" ಎಂದು ಅವಳು ಅರಚಿದಳು. ಕೈ ಅಲುಗಲಿಲ್ಲ.

ಕೋಣೆಯ ಮೂಲೆಯಲ್ಲಿ ಯಾವುದೋ ಹಬ್ಬದ ರಿಯಾಯಿತಿಯ ಹಳೆಯ ಬಟ್ಟೆಯ ಬ್ಯಾನರ್ ಬಿದ್ದಿತ್ತು. ಅದನ್ನು ತಲೆಯಿಂದ ಸುತ್ತಿಕೊಂಡು, ಮೈ ಅಡ್ಡ ಮಾಡಿ, ಅವಳು ಆ ಸಂದಿಯಲ್ಲಿ ತೂರಿ ಹೊರಗೆ ಬಂದಳು. ಧೈರ್ಯ ಬಂದಿತ್ತೆಂದಲ್ಲ. ಉಚ್ಚೆ ಹೋಗಿ ಸೀರೆ ಒದ್ದೆಯಾಗಿತ್ತು. ಕೈಗೆ, ಕುತ್ತಿಗೆಗೆ, ಪಾದಕ್ಕೆ ಕಚ್ಚುತ್ತಲೇ ಇದ್ದವು. ಅವನ ತೋಳಿನ ಅಡಿಗೆ ಕೈ ಹಾಕಿ ಎಳೆದಳು, ಅವನು ಅಲುಗಲಿಲ್ಲ. ಆಗ ಒಂದು ದೊಡ್ಡ ರಟ್ಟಿನ ಡಬ್ಬ ತಾನೇ ನಡೆದುಕೊಂಡು ಅವಳತ್ತ ಓಡಿ ಬಂತು. ಹನುಮಂತ ಪ್ಯಾನೆಲ್ಲಿನ ಡಬ್ಬವನ್ನು ಮೈಮೇಲೆ ಕವುಚಿಕೊಂಡಿದ್ದ. ಹಿಂದೆ ಇನ್ನೊಂದು ಡಬ್ಬದಲ್ಲಿ ಯಾದಗಿರಿ. ಮೂವರೂ ಸೇರಿ ಗುರುಸಿದ್ದಪ್ಪನನ್ನು ಒಳಗೆ ಎಳೆದುಕೊಂಡರು. ಬಾಗಿಲು ಹಾಕಿದವನು ಹನುಮಂತ.

ಬಾಗಿಲು ಎಷ್ಟು ಹೊತ್ತು ಮುಚ್ಚಿತ್ತು ಎಂದು ಕಂಪನಿಯವರು ಆಮೇಲೆ ಕೇಳಿದರು. ಹನುಮಂತ ಎರಡು ನಿಮಿಷ ಎಂದ. ಯಾದಗಿರಿ ಬಹಳ ಹೊತ್ತು ಎಂದ. ಸುಭದ್ರಾಳಿಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಅಷ್ಟರಲ್ಲಿ ಕರೆಂಟು ನಿಜಕ್ಕೂ ಹೋಗಿತ್ತು, ಲಿಫ್ಟು ನಿಂತಿತ್ತು. ಆಸ್ಪತ್ರೆಯ ಗಾಲಿಕುರ್ಚಿಗೆ ಗುರುಸಿದ್ದಪ್ಪನನ್ನು ಕಟ್ಟಿ, ಕುರ್ಚಿ ಸಮೇತ ಹೊತ್ತು ಐದು ಮಹಡಿ ಇಳಿಸಿದರು. ಅವನ ಮುಖ ಗುರುತು ಸಿಗದಂತೆ ಊದಿತ್ತು. ಕಣ್ಣಿದ್ದ ಕಡೆ ಎರಡು ಗೆರೆ, ಅಷ್ಟೆ. ಉಸಿರು ಸೀಟಿ ಹೊಡೆಯುತ್ತಿತ್ತು. ಆಂಬುಲೆನ್ಸಿನಲ್ಲಿ ಸುಭದ್ರಾ ಆ ಸೀಟಿಯನ್ನೇ ಕೇಳುತ್ತ ಕುಳಿತಳು. ಅದು ನಿಂತಾಗಲೆಲ್ಲ ಅವಳ ಉಸಿರೂ ನಿಲ್ಲುತ್ತಿತ್ತು.

ದೊಡ್ಡಾಸ್ಪತ್ರೆಯಲ್ಲಿ ಅವನನ್ನು ಒಳಗೆ ಒಯ್ದರು. ಅವಳಿಗೂ ಉಳಿದಿಬ್ಬರಿಗೂ ಇಂಜೆಕ್ಷನ್ ಕೊಟ್ಟು, ಮುಳ್ಳು ಕಿತ್ತು, ಹೊರಗಿನ ಬೆಂಚಿನಲ್ಲಿ ಕೂರಿಸಿದರು. ವಿಷ ಮೈಗೆಲ್ಲ ಏರಿದೆ, ಕಿಡ್ನಿ ಏನಾಗುತ್ತದೋ ನೋಡಬೇಕು, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು.

ಸಂಜೆಯ ಮುಂಚೆ ಬಸಲಿಂಗಮ್ಮ ಬಂದಳು. ಸುಭದ್ರಾ ಅವಳನ್ನು ನೋಡಿದ್ದು ಅದೇ ಮೊದಲು. ಗಿಡ್ಡಗೆ, ಗಟ್ಟಿಮುಟ್ಟಾಗಿದ್ದ ಹೆಂಗಸು. ಕೂಕಟ್‌ಪಲ್ಲಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು, ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡಿದ್ದಳು. ಹನುಮಂತನನ್ನು ಹಿಡಿದು, "ಏನಾತಪ್ಪ? ಹೆಂಗಾತು?" ಎಂದು ಕೇಳಿದಳು.

ಸುಭದ್ರಾ ಗೋಡೆಗೆ ಆತುಕೊಂಡಳು. ಹನುಮಂತ ಏನು ಹೇಳುತ್ತಾನೋ ಎಂದು ಅವನ ಬಾಯನ್ನೇ ನೋಡಿದಳು. ಅವನು ಊದಿದ ತುಟಿಯಲ್ಲೇ ನಡೆದದ್ದನ್ನು ನಡೆದಂತೆ ಹೇಳಿದ. ಕೊನೆಗೆ ಅವಳ ಕಡೆ ಕೈ ಮಾಡಿ, "ಮೊದ್ಲ ಬಾಗಲಾ ಹಾಕ್ಕೊಂಡವರೂ ಇವ್ರ ಅಕ್ಕಾ, ಆಮ್ಯಾಲ ಹೊರಗ ಬಂದು ಎಳಕೊಂಡವರೂ ಇವ್ರ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ.

ಬಸಲಿಂಗಮ್ಮ ಅವಳ ಕಡೆ ತಿರುಗಿದಳು. ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದು ಸುಭದ್ರಾ ಕಾದಳು. ಹೊಡೆಯಲಿ ಎಂದೂ ಅನ್ನಿಸಿತು.

"ಈ ಚೀಲ ನೋಡ್ಕೋರಿ," ಎಂದಳು ಬಸಲಿಂಗಮ್ಮ, "ನಾ ಡಾಕ್ಟರನ ಕೇಳಿ ಬರ್ತೀನಿ." ಕೈಯಲ್ಲಿದ್ದ ಬಟ್ಟೆಯ ಚೀಲವನ್ನು ಅವಳ ತೊಡೆಯ ಮೇಲಿಟ್ಟು ಒಳಗೆ ಹೋದಳು.

ಮನೆಗೆ ಬಂದ ಮೇಲೆ ಹೆದರಿಕೆ ಇನ್ನೊಂದು ರೂಪ ಹಿಡಿಯಿತು. ಗಂಡ ಜಯತೀರ್ಥ ರೈಲ್ವೆಯಲ್ಲಿ ಗುಮಾಸ್ತ, ಮೆತ್ತನೆಯ ಮನುಷ್ಯ. ಊದಿದ ಅವಳ ಕೈಗೆ ಸುಣ್ಣ ಹಚ್ಚುತ್ತ, "ನೀ ಮಾಡಿದ್ದು ಸರಿನೇ ಅದ. ಬಾಗಲಾ ತೆಗೆದಿದ್ರ ಆಸ್ಪತ್ರಿಯೊಳಗಿನ ಮುದುಕರೆಲ್ಲಾ ಏನಾಗ್ತಿದ್ರು? ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂತವರು," ಎಂದ. ಸೇಠರೂ ಅದನ್ನೇ ಹೇಳಿದರು. ಕಣ್ಣಿನ ಡಾಕ್ಟರು ಖುದ್ದು ಫೋನು ಮಾಡಿ ಉಪಕಾರ ಸ್ಮರಿಸಿದರು.

"ನಾ ಅವರನ್ನ ನೆನಸೇ ಇಲ್ಲ," ಎಂದಳು ಸುಭದ್ರಾ ಗಂಡನಿಗೆ. "ಯಾರನ್ನೂ ನೆನಸಲಿಲ್ಲ. ನನ್ನ ಕೈ ಅಷ್ಟೇ ನನಗ ಕಾಣಿಸ್ತಿತ್ತು."

"ಹಂಗೆಲ್ಲಾ ಅನ್ನಬಾರದು."

"ಅವರು ಒಳಗ ಹೋಗ್ರಿ ಅಂದಿದ್ರು. ಬಾಗಲಾ ಹಾಕ್ಕೋರಿ ಅಂದಿರಲಿಲ್ಲ."

ಅವಳಿಗೆ ಸ್ನಾನದ ಮನೆಯ ಚಿಲಕ ಹಾಕಲು ಆಗುತ್ತಿರಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು, ಗಂಡನನ್ನು ಹೊರಗೆ ನಿಲ್ಲಿಸಿ ನೀರು ಹಾಕಿಕೊಳ್ಳುತ್ತಿದ್ದಳು. ಪಕ್ಕದ ಮನೆಯವರು ಮಿಕ್ಸಿ ಹಾಕಿದರೆ ಕೈಯಲ್ಲಿದ್ದ ಪಾತ್ರೆ ಬೀಳುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ತನ್ನ ಬಗ್ಗೆಯೇ ಭಯ. ಇಷ್ಟು ವರ್ಷ ತಾನು ಯಾರೆಂದು ತಿಳಿದು ಬದುಕಿದ್ದಳೋ ಆ ಹೆಂಗಸಿನೊಳಗೆ ಇನ್ನೊಬ್ಬಳು ಕುಳಿತಿದ್ದಳು. ಗುದ್ದಿದಷ್ಟೂ ಚಿಲಕ ಒತ್ತಿ ಹಿಡಿಯುವವಳು. ಅವಳು ಮತ್ತೆ ಯಾವಾಗ ಹೊರಬರುತ್ತಾಳೋ!

ದಿನಾ ಕೆಲಸ ಬಿಟ್ಟ ಮೇಲೆ ಆಸ್ಪತ್ರೆಗೆ ಹೋಗುತ್ತಿದ್ದಳು. ಕಿಡ್ನಿ ಕೈಕೊಟ್ಟಿತ್ತು, ಯಂತ್ರಕ್ಕೆ ಹಚ್ಚಿ ರಕ್ತ ತೊಳೆಯುತ್ತಿದ್ದರು. ಬಸಲಿಂಗಮ್ಮ ಅವಳನ್ನು ಬಾ ಎನ್ನುತ್ತಿರಲಿಲ್ಲ, ಹೋಗು ಎಂದೂ ಅನ್ನುತ್ತಿರಲಿಲ್ಲ. ಚೀಲ ಕೊಟ್ಟು ಔಷಧಿ ತರಲು ಹೋಗುತ್ತಿದ್ದಳು, ಬಂದು ಚೀಲ ತೆಗೆದುಕೊಳ್ಳುತ್ತಿದ್ದಳು. ಅಷ್ಟೇ ಅವರಿಬ್ಬರ ವ್ಯವಹಾರ.

ಕೊನೆಗೊಂದು ದಿನ ಕಿಡ್ನಿ ಮತ್ತೆ ಕೆಲಸ ಮಾಡತೊಡಗಿತು, ಅವನನ್ನು ಸಾಮಾನ್ಯ ವಾರ್ಡಿಗೆ ತಂದರು. ಸುಭದ್ರಾ ಮಂಚದ ಹತ್ತಿರ ಹೋದಳು. ಬಾವು ಇಳಿದು ಮುಖ ಅವನದೇ ಆಗಿತ್ತು, ಆದರೆ ಬಣ್ಣ ಮಾಸಿತ್ತು. ಅವನು ಕಣ್ಣು ತೆರೆದು ಅವಳನ್ನು ಕಂಡ. ಕಂಡವನೇ ಗೋಡೆಯ ಕಡೆ ಹೊರಳಿದ. ಸುಭದ್ರಾ ತಂದಿದ್ದ ಎಳನೀರನ್ನು ಮೇಜಿನ ಮೇಲಿಟ್ಟು ಬಂದಳು.

ಅಷ್ಟರಲ್ಲಿ ಜೇನಿನವರು ಬಂದು ಹುಟ್ಟನ್ನು ಬಿಡಿಸಿಕೊಂಡು ಹೋಗಿದ್ದರು. ಮಾಳಿಗೆಯ ಕೆಲಸ ಅರ್ಧಕ್ಕೆ ನಿಂತಿತ್ತು. ಕಂಪನಿ ಬೇರೆ ಮೇಸ್ತ್ರಿಯನ್ನು ಕಳಿಸುತ್ತೇನೆಂದಿತು. ಗುರುಸಿದ್ದಪ್ಪನೇ ಬೇಡವೆಂದನಂತೆ, ತಾನು ಹಿಡಿದ ಕೆಲಸ, ತಾನೇ ಮುಗಿಸುತ್ತೇನೆ ಎಂದನಂತೆ.

ಬಿಸಿಲು ಇನ್ನೂ ಉರಿಯುತ್ತಿದ್ದಾಗಲೇ ಅವನು ಬಂದ. ಅಂಗಿ ದೊಡ್ಡದಾಗಿ ಜೋತುಬಿದ್ದಿತ್ತು. ಸೇಠರು ಕುರ್ಚಿ ಕೊಟ್ಟು, ಚಹಾ ತರಿಸಿ, ಇನ್ನು ಏನೂ ಹೆದರಿಕೆ ಬೇಡ, ಆ ಚಿಲಕವನ್ನೇ ಕಿತ್ತು ಹಾಕಿಸುತ್ತೇನೆ ಎಂದರು.

"ಚಿಲಕ ಇರ್ಲಿ," ಎಂದ ಗುರುಸಿದ್ದಪ್ಪ ಹಿಂದಿಯಲ್ಲಿ. "ನಾವು ಕೆಲಸ ಮಾಡುವಷ್ಟು ಹೊತ್ತು ಈ ಬಾಯಾರು ಬಾಗಿಲ ಹೊರಗೆ ಕೂತಿರಬೇಕು. ಮಾಳಿಗೆಯ ಮೇಲೆ."

ಸೇಠರು ತಡವರಿಸಿದರು. ಈ ಬಿಸಿಲಿನಲ್ಲಿ, ಹೆಣ್ಣುಮಗಳು, ಇದೆಂಥ ಮಾತು ಎಂದರು.

"ಹಂಗಿದ್ರ ನಾ ಹತ್ತಂಗಿಲ್ಲ," ಎಂದ ಅವನು ಕನ್ನಡದಲ್ಲಿ, ಸುಭದ್ರಾಳ ಕಡೆ ನೋಡದೆ.

"ಕೂಡ್ತೀನಿ," ಎಂದಳು ಸುಭದ್ರಾ.

ಮರುದಿನ ಬೆಳಿಗ್ಗೆ ಅವಳು ಬಾಗಿಲು ತೆರೆದು, ಪ್ಲಾಸ್ಟಿಕ್ ಕುರ್ಚಿ ಹೊರಗೆ ಹಾಕಿ, ಛತ್ರಿ ಬಿಚ್ಚಿ ಕುಳಿತಳು. ಅಂಥ ಸೆಖೆಯಲ್ಲೂ ಶಾಲು ಹೊದ್ದಿದ್ದಳು. ಟಾಕಿಯ ಅಡಿಗೆ ಹುಟ್ಟು ಇದ್ದ ಜಾಗದಲ್ಲಿ ಮೇಣದ ಕರಿ ಕಲೆ ಉಳಿದಿತ್ತು. ಅದನ್ನು ನೋಡಬಾರದೆಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಹನುಮಂತ, ಯಾದಗಿರಿ ಇಬ್ಬರೂ ಬೇಗ ಮೊದಲಿನಂತಾದರು. ನಗುತ್ತ, ಒಬ್ಬರನ್ನೊಬ್ಬರು ಬಯ್ಯುತ್ತ ಪ್ಯಾನೆಲ್ ಎತ್ತುತ್ತಿದ್ದರು. ಗುರುಸಿದ್ದಪ್ಪ ಮಾತ್ರ ಯಾವಾಗಲೂ ಬಾಗಿಲು ಕಾಣುವಂತೆ ಕುಳಿತು ಕೆಲಸ ಮಾಡುತ್ತಿದ್ದ. ಮಧ್ಯಾಹ್ನ ಬಾಗಿಲಿನ ನೆರಳಿನಲ್ಲೇ ಎಲ್ಲರೂ ಡಬ್ಬಿ ಬಿಚ್ಚುತ್ತಿದ್ದರು. ಅವನ ರೊಟ್ಟಿ ಅವಳ ಕಡೆ ಬರುತ್ತಿರಲಿಲ್ಲ.

ಒಂದು ದಿನ ಕರೆಂಟು ಹೋಗಿ ಕೆಳಗೆ ಜನರೇಟರ್ ಗುಡುಗಿತು. ಸುಭದ್ರಾ ಕುರ್ಚಿಯಿಂದ ಎದ್ದು ನಿಂತಳು. ಛತ್ರಿ ಕೈಯಿಂದ ಜಾರಿ ಉರುಳಿತು. ಅವಳು ನೋಡಿದಳು: ಗುರುಸಿದ್ದಪ್ಪನೂ ಎದ್ದು ನಿಂತಿದ್ದ. ನಟ್ಟು ಬಿಗಿಯುವ ಪಾನೆ ಹಿಡಿದ ಅವನ ಕೈ ಎದೆಯ ಹತ್ತಿರ ಗಟ್ಟಿಯಾಗಿ ನಿಂತಿತ್ತು, ಮುಖದಲ್ಲಿ ರಕ್ತವಿರಲಿಲ್ಲ. ಹನುಮಂತನೂ ಯಾದಗಿರಿಯೂ ಏನೂ ಕೇಳಿಸದವರಂತೆ ತಂತಿ ಎಳೆಯುತ್ತಿದ್ದರು. ಆ ಮಾಳಿಗೆಯ ಮೇಲೆ ಇನ್ನೂ ಹೆದರುತ್ತಿದ್ದವರು ಇಬ್ಬರೇ, ಮತ್ತು ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ಜನರೇಟರ್ ರಿ," ಎಂದಳು ಸುಭದ್ರಾ.

"ಹೂಂ ರಿ. ಜನರೇಟರ್," ಎಂದ ಅವನು. ಮತ್ತೆ ಮೊಣಕಾಲೂರಿ ಕುಳಿತ.

ಕೆಲಸ ಮುಗಿದ ದಿನ ಸಂಘದವರೆಲ್ಲ ಮೇಲೆ ಬಂದು, ತೆಂಗಿನಕಾಯಿ ಒಡೆದು, ಪೇಡೆ ಹಂಚಿದರು. ಎಲ್ಲರೂ ಇಳಿದು ಹೋದ ಮೇಲೆ ಗುರುಸಿದ್ದಪ್ಪ ತನ್ನ ಸಾಮಾನಿನ ಚೀಲ ಕಟ್ಟುತ್ತಿದ್ದ. ಸುಭದ್ರಾ ಕುರ್ಚಿ ಎತ್ತಿಡದೆ ನಿಂತಿದ್ದಳು.

"ನನಗ ಏನರೆ ಅನ್ರಿ," ಎಂದಳು. "ಬಯ್ರಿ ಬೇಕಾದ್ರ. ಹಿಂಗ ಸುಮ್ನಿದ್ರ ನನಗ ಭಾಳ ಅಂಜಿಕಿ ಆಗ್ತದ."

ಅವನು ಚೀಲದ ಬಾಯಿ ಬಿಗಿದು, ನೆಲದ ಮೇಲೇ ಕುಳಿತ. "ಏನಂತ ಅನ್ಲಿ ಬಾಯಾರ? ನೀವು ಒಳಗ ನಿಂತಿದ್ದು ನನಗ ಗೊತ್ತಾಗ್ತಿತ್ತು. ನಿಮ್ಮ ಕೈಬಳಿ ಸಪ್ಪಳ ಕೇಳ್ತಿತ್ತು. ಇಷ್ಟ ಹತ್ರ ಇದ್ರಿ." ಕೈಯಿಂದ ಒಂದು ಗೇಣು ತೋರಿಸಿದ. "ಮನಿಯೊಳಗ ಮಕ್ಕೊಂಡಾಗೂ ಅದ ಬಳಿ ಸಪ್ಪಳ ಕೇಳ್ತೈತಿ. ಬಸಲಿಂಗಿ ತನ್ನ ಬಳಿ ತಗದಿಟ್ಟಾಳ."

ಸುಭದ್ರಾಳ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದರೆ ಬಳೆ ಸದ್ದಾದೀತೆಂದು ಹಾಗೇ ನಿಂತಳು.

"ನಾ ಒಳಗಿದ್ದು ನೀವು ಹೊರಗಿದ್ರ ನಾ ಏನು ಮಾಡ್ತಿದ್ದೆ ಅಂತ ಭಾಳ ಯೋಚನಿ ಮಾಡೀನಿ," ಎಂದ ಅವನು. "ಗೊತ್ತಿಲ್ರಿ. ಖರೇ ಹೇಳ್ತೀನಿ, ಗೊತ್ತಿಲ್ಲ. ಅದಕ್ಕ ಬಯ್ಯಾಕ ಬಾಯಿ ಬರವಲ್ದು. ಹಂಗಂತ ಸಿಟ್ಟೂ ಹೋಗಿಲ್ಲ. ಹೋದ್ರ ನಾನ ನಿಮಗ ಹೇಳ್ತೀನಿ."

ಚೀಲ ಹೆಗಲಿಗೇರಿಸಿ ಇಳಿದು ಹೋದ.

ಆ ಸಲ ಮಳೆಗಾಲ ತಡವಾಗಿ ಹಿಡಿಯಿತು. ಕರೆಂಟು ಹೋದಾಗ ಕಟ್ಟಡದ ದೀಪಗಳು ಈಗ ಆರುತ್ತಿರಲಿಲ್ಲ; ಮಾಳಿಗೆಯ ಬಿಸಿಲು ಬ್ಯಾಟರಿಗೆ ಇಳಿದು ಕೂತಿರುತ್ತಿತ್ತು. ಜನ ಅದನ್ನು ಬೇಗ ಅಭ್ಯಾಸ ಮಾಡಿಕೊಂಡರು, ಆ ದಿನದ ಸುದ್ದಿಯನ್ನೂ ಬೇಗ ಮರೆತರು. ಶ್ರಾವಣದ ಒಂದು ಮಧ್ಯಾಹ್ನ ಗುರುಸಿದ್ದಪ್ಪ ಒಬ್ಬನೇ ಬಂದು ಅವಳ ಟೇಬಲ್ಲಿನ ಮುಂದೆ ನಿಂತ. ಒಂದು ಸಾಲಿನಿಂದ ಕರೆಂಟು ಸರಿಯಾಗಿ ಬರುತ್ತಿಲ್ಲ, ಜೋಡಣೆ ನೋಡಬೇಕಿತ್ತು.

ಸುಭದ್ರಾ ಏನೂ ಕೇಳದೆ ಕೀಲಿ ತೆಗೆದುಕೊಂಡಳು, ಇನ್ನೊಂದು ಕೈಯಲ್ಲಿ ಕುರ್ಚಿ ಎತ್ತಿಕೊಂಡಳು. ಮೇಲೆ ಬಾಗಿಲು ತೆರೆದಾಗ ಆಕಾಶ ಕಪ್ಪಾಗಿತ್ತು, ಹನಿ ಬೀಳತೊಡಗಿತ್ತು. ಅವಳು ಕುರ್ಚಿಯನ್ನು ಹೊರಗೆ ಇಡಲು ಹೋದಳು.

"ಬ್ಯಾಡ್ರಿ," ಎಂದ ಅವನು. "ಮಳಿ ಜೋರ್ ಆಗೂದೈತಿ. ಒಳಗ ಕುಂದರ್ರಿ."

ಅವಳು ಅವನ ಮುಖ ನೋಡಿದಳು. ಅವನು ಆಗಲೇ ತಲೆಗೆ ಟವೆಲ್ ಹಾಕಿಕೊಂಡು ಪ್ಯಾನೆಲ್‌ಗಳ ಸಾಲಿನತ್ತ ಹೊರಟಿದ್ದ. ಹೋಗುತ್ತ ಒಮ್ಮೆಯೂ ತಿರುಗಿ ನೋಡಲಿಲ್ಲ.

ಗಾಳಿಗೆ ಬಾಗಿಲು ಹೊಯ್ದಾಡುತ್ತಿತ್ತು. ಸುಭದ್ರಾ ಕುರ್ಚಿಯನ್ನು ಅದಕ್ಕೆ ಒತ್ತುಕೊಟ್ಟು, ತಾನು ಮೆಟ್ಟಿಲ ಮೇಲೆ ಕುಳಿತಳು. ಎರಚಲು ಒಳಗೆ ಬಂದು ಅವಳ ಪಾದ ತೋಯಿಸಿತು. ಹೊರಗೆ ಕೂತಿದ್ದ ಅಷ್ಟೂ ದಿನಗಳಲ್ಲಿ ಆಗದ ಹೆದರಿಕೆ ಈಗ ಆಯಿತು. ಚಿಲಕ ಕೈಗೆಟಕುವಷ್ಟು ಹತ್ತಿರವಿತ್ತು. ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟು, ಬೆರಳಿಗೆ ಬೆರಳು ಹೆಣೆದು ಬಿಗಿ ಹಿಡಿದುಕೊಂಡಳು. ಮಳೆಯ ಸದ್ದಿನೊಳಗೆ ಇನ್ನಾವುದಾದರೂ ಸದ್ದು ಇದೆಯೋ ಎಂದು ಕಿವಿಗೊಟ್ಟು, ಮಳೆಯ ಪರದೆಯಾಚೆ ಅವನ ಬೆನ್ನು ಕಾಣುವಷ್ಟು ಹೊತ್ತು ಕಣ್ಣು ಕೀಳದೆ ಕುಳಿತಳು.

ಕೆಲಸ ಮುಗಿಸಿ ಅವನು ತೊಟತೊಟ ಸೋರುತ್ತ ಒಳಗೆ ಬಂದ. ಟವೆಲ್ ಹಿಂಡಿ, ಒತ್ತುಕೊಟ್ಟಿದ್ದ ಕುರ್ಚಿ ಸರಿಸಿ, ಬಾಗಿಲು ಎಳೆದು ತಾನೇ ಚಿಲಕ ಹಾಕಿದ.

"ಥಂಡಿ ಹತ್ತೇತ್ರಿ ಬಾಯಾರ," ಎಂದ. "ಕೆಳಗ ಹೋಗಿ ಚಾ ಕುಡ್ಯೂಣು ನಡೀರಿ."